ಏಳನೆಯ ಎಲೆ

ತುಳುವರ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಾಗ ಮುಂಬೈ ಬಳಿಯ ಡೊಂಬಿವಲಿಯ ಆ ಫ್ಲ್ಯಾಟಿನಲ್ಲಿ ಆರೇ ಬಾಳೆಲೆ ಹಾಕುತ್ತಿದ್ದರು. ಮಾನಸಿಯ ಮುತ್ತಜ್ಜಿ ಪೂವಕ್ಕನಿಗೆ ಎಲೆಯಿರಲಿಲ್ಲ. ಒಕ್ಕಲೆಬ್ಬಿಸಲು ಬಂದ ಧಣಿಯ ಆಳುಗಳೆದುರು ಅವಳು ಕತ್ತಿ ಹಿಡಿದು ನಿಂತಿದ್ದಳು. ಧಣಿಗೆ ಹೆದರಿದ ಮನೆಯವರು ಅವಳನ್ನೇ ಹೊರಹಾಕಿದ್ದರು.

ಅವಳ ಬದುಕನ್ನು ಮಾನಸಿ ಕಾದಂಬರಿಯಾಗಿ ಬರೆದಿದ್ದಳು. ಸೋದರಮಾವ ಚೆನ್ನಯ ಅದನ್ನೋದಿ, "ಅಜ್ಜಿಯ ಹೆಸರು ಬದಲಿಸು, ಇಲ್ಲದಿದ್ರೆ ಅಚ್ಚು ಹಾಕಿಸುದು ಬೇಡ" ಎಂದಿದ್ದರು. ಅವಳು ಎಂದಿನಂತೆ ತಲೆ ತಗ್ಗಿಸಿದ್ದಳು. ಪ್ರಕಾಶಕರಿಗೆ ಮರುದಿನ ಉತ್ತರ ಹೇಳಬೇಕಿತ್ತು.

ಈ ವರ್ಷವೂ ಆರು ಎಲೆ ಬಡಿಸಿದ ಮೇಲೆ ಮಾವ ದೀಪ ಹಚ್ಚಿ ಕಣ್ಣು ಮುಚ್ಚಿದರು. "ಹಿರಿಯರೆಲ್ಲ ಬಂದು ಉಣ್ಣಿ" ಎಂದು ಕರೆಯತೊಡಗಿದರು. ಅಷ್ಟರಲ್ಲಿ ಮಾನಸಿ ಇನ್ನೊಂದು ಎಲೆ ಹಾಸಿ, ರೊಟ್ಟಿ, ಕೋಳಿ ಸಾರು ಬಡಿಸಿದಳು.

ಮಾವ ಕಣ್ಣು ಬಿಟ್ಟರು. "ಎಂತ ಇದು ಮಾರಾಯ್ತಿ? ಡಿಗ್ರಿ ಆದವಳಿಗೆ ಆರು ಎಣಿಸ್ಲಿಕ್ಕೆ ಬರುದಿಲ್ವಾ?"

"ಬರ್ತದೆ ಮಾವ. ಅದು ಪೂವಕ್ಕನದ್ದು."

"ತೆಗಿ ಅದನ್ನು!"

ಮಾನಸಿ ತಲೆಯೆತ್ತಿದಳು. "ಎಲ್ಲರನ್ನೂ ಕರೆದದ್ದು ನೀವೇ ಅಲ್ವಾ. ಊಟಕ್ಕೆ ಕೂತವರ ಎದುರಿನ ಎಲೆ ನಾನು ಎಳೆಯುದಿಲ್ಲ. ಬೇಕಾದ್ರೆ ನೀವೇ ಎಳೀರಿ."

ಮಾವ ಬಗ್ಗಿದರು. ಎಲೆಯ ಅಂಚಿಗೆ ಬೆರಳು ತಾಗಿತು. ಆ ಬೆರಳು ಮುಂದೆ ಸರಿಯಲಿಲ್ಲ.

"ಅಜ್ಜಿ ಕೋಳಿ ತಿಂತಿರ್ಲಿಲ್ಲ," ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಬಂಗುಡೆ ಮೀನು ಅಂದ್ರೆ ಜೀವ ಅಂತ ಅಮ್ಮ ಹೇಳ್ತಿದ್ರು. ನಿನ್ನ ಪುಸ್ತಕದಲ್ಲೂ ಕೋಳಿ ಅಂತಲೇ ಉಂಟು. ಅಚ್ಚಿಗೆ ಕೊಡುವ ಮೊದಲು ತಿದ್ದು."

"ಹೆಸರು ಮಾವ?"

"ಅದು ಇರ್ಲಿ," ಎಂದ ಮಾವ, ಹಿರಿಯರು ಉಣ್ಣಲೆಂದು ಎಲ್ಲರನ್ನೂ ಹೊರಗೆ ಕರೆದು ಕೋಣೆಯ ಬಾಗಿಲೆಳೆದರು. ಒಳಗೆ ಏಳು ಎಲೆಗಳಿದ್ದವು.