ಮೋಡದ ಕೆಳಗಿನ ಓಣಿಗಳು

ಕಂಪನಿಯ ಉತ್ತರ ಎರಡೇ ಸಾಲಿನದು. ಡ್ರಾಯಿಂಗ್ ಮೇಷ್ಟ್ರು ಅದನ್ನು ಮೂರನೇ ಸಲ ಓದಿ, ಕನ್ನಡಕ ಒರೆಸಿಕೊಂಡು ನಾಲ್ಕನೇ ಸಲ ಓದಿದರು. ಆಕಾಶದಿಂದ ತೆಗೆದ ತಮ್ಮ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ನೋಡಿಕೊಂಡು ಸಾರ್ವಜನಿಕ ನಕ್ಷೆಗೆ ಗೆರೆ ಎಳೆಯಲು ಮಾತ್ರ ಅನುಮತಿ ಇಲ್ಲ. ಇಂತಿ ನಿಮ್ಮ ವಿಶ್ವಾಸಿ.

ಎಲ್ಲರೂ ಸೇರಿ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಬರೆಯುವ ಆ ನಕ್ಷೆಗೆ ಈ ಊರಿನ ಮಟ್ಟಿಗೆ ಕಾವಲುಗಾರರು ಅವರೇ. ಅನುಮತಿಯಿಲ್ಲದ ಚಿತ್ರದ ಮೇಲಿಂದ ಯಾರಾದರೂ ಒಂದು ದನದ ಕೊಟ್ಟಿಗೆ ನಕಲು ಮಾಡಿದರೂ ಹಿಡಿದು ಅಳಿಸುತ್ತಿದ್ದರು. ಬೆನ್ನ ಹಿಂದೆ ಹುಡುಗರು ‘ಪರ್ಮಿಶನ್ ಮೇಷ್ಟ್ರು’ ಎನ್ನುತ್ತಿದ್ದರು. ಹೆಂಡತಿ ಎದುರಿಗೇ ಹಾಗೆನ್ನುತ್ತಿದ್ದಳು.

ಆಕೆ ನರ್ಸ್. ಹಳ್ಳದಾಚೆಯ ಬಡಾವಣೆಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಲಸಿಕೆ ಹಾಕಿದವಳು. ಅಲ್ಲಿನ ಓಣಿಗಳು ನಕ್ಷೆಯಲ್ಲಿಲ್ಲದೆ ಆಂಬುಲೆನ್ಸ್ ದಾರಿ ತಪ್ಪಿದ ಮರುದಿನ, ಗಂಡನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕಲಿತಳು. ಅವರು ಹೇಳಿಕೊಟ್ಟ ಮೊದಲ ಪಾಠ, ಯಾವುದನ್ನು ನೋಡಿ ಎಳೆದೆ ಎಂದು ಪ್ರತಿ ಗೆರೆಗೂ ಬರೆ. ಬರೆದಳು. ನಾನೂರ ಹನ್ನೆರಡು ಮನೆ, ಮೂವತ್ತೊಂದು ಓಣಿ, ಪ್ರತಿಯೊಂದಕ್ಕೂ ಆ ಕಂಪನಿಯ ಹೆಸರು, ಒಂದಕ್ಷರ ತಪ್ಪಿಲ್ಲದೆ. ಯಾವ ಚಿತ್ರಕ್ಕೆ ಅನುಮತಿ ಇದೆ ಎಂಬ ಎರಡನೇ ಪಾಠವನ್ನು ಮೇಷ್ಟ್ರು ನಾಳೆಗೆ ಇಟ್ಟುಕೊಂಡಿದ್ದರು. ಊರವರ ಕೆಲಸವನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದವರು ಹೆಂಡತಿಯದನ್ನು ಮಾತ್ರ ತೆರೆದೂ ನೋಡಲಿಲ್ಲ. ಆಕೆ ತೀರಿಕೊಂಡು ಎಂಟು ತಿಂಗಳಾದ ಮೇಲೆ, ಕಂಪನಿಯ ಹೆಸರು ಹಾಕಿ ಹುಡುಕಿದಾಗ, ಸಾಲಾಗಿ ಸಿಕ್ಕಿಬಿದ್ದಳು. ಆಮೇಲೇ ಅವರು ಅನುಮತಿ ಕೇಳಿ ಪತ್ರ ಬರೆದದ್ದು.

ನಾದಿನಿ ಚಹಾ ತಂದಿಟ್ಟು ಉತ್ತರ ಓದಿದಳು. ಅಕ್ಕ ಆ ಓಣಿಗಳಲ್ಲಿ ಚಪ್ಪಲಿ ಸವೆಸಿದವಳು. ಕಂಪನಿಯ ಹೆಸರು ತೆಗೆದು ‘ನಡೆದು ನೋಡಿದ್ದು’ ಎಂದು ಹಾಕಿದರಾಯಿತು ಎಂದಳು.

“ನಡೆದಿದ್ದು ನಿಜ ಕಣಮ್ಮ. ಗೆರೆ ಎಳೆದಿದ್ದು ಚಿತ್ರ ನೋಡಿ.”

“ಯಾರು ಕೇಳ್ತಾರೆ ಭಾವ?”

“ಬೇರೆಯವರದಾಗಿದ್ರೆ ನಾನೇ ಕೇಳ್ತಿದ್ದೆ.”

“ಅಕ್ಕನ ಒಂದು ಬಟ್ಟೆ ಯಾರಿಗೂ ಕೊಡೋಕೆ ಬಿಟ್ಟಿಲ್ಲ ನೀವು. ಇದನ್ನ ಅಳಿಸ್ತೀರಾ?”

ಮೇಷ್ಟ್ರು ಕಂಪ್ಯೂಟರಿನತ್ತ ತಿರುಗಿ ಬೇರೆ ಚಿತ್ರ ಹುಡುಕಿದರು.

ಅನುಮತಿಯಿದ್ದ ಚಿತ್ರ ಒಂದೇ ಒಂದು. ಅದರಲ್ಲಿ ಸರಿಯಾಗಿ ಆ ಬಡಾವಣೆಯ ಮೇಲೆಯೇ ಒಂದು ಮೋಡ, ಬೀಗರ ಮನೆಗೆ ಬಂದಂತೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ತಾವೇ ಹೋಗಿ ಅಳೆಯೋಣವೆಂದರೆ ಮಂಡಿನೋವು, ಬೀದಿಯ ತುದಿಯವರೆಗೂ ಕಾಲು ಬರುವುದಿಲ್ಲ. ಹುಡುಗರನ್ನು ಕಳಿಸಬಹುದು, ಕಳಿಸಲೂಬೇಕು; ಆದರೆ ಅವರು ತರುವುದು ಅವರ ಗೆರೆ.

ಎಲ್ಲವನ್ನೂ ಒಟ್ಟಿಗೆ ಅಳಿಸುವ ದಾರಿ ಇತ್ತು. ಮೇಷ್ಟ್ರು ಒಂದೊಂದೇ ಮನೆ ಆರಿಸಿ ಅಳಿಸಿದರು. ಎಲ್ಲ ಮನೆಗಳ ಮೂಲೆಯೂ ಒಂದಿಷ್ಟು ಸೊಟ್ಟ. ನೆಟ್ಟಗೆ ಚೌಕ ಹಾಕುವುದು ಆಕೆಗೆ ಕೊನೆಯವರೆಗೂ ಬರಲಿಲ್ಲ. ಸಂಜೆಯ ಹೊತ್ತಿಗೆ ಮುಗಿಯಿತು. ಕಾರಣ ಕೇಳುವ ಜಾಗದಲ್ಲಿ ನೂರಾರು ಜನರಿಗೆ ಬರೆದದ್ದನ್ನೇ ಬರೆದರು: ‘ಮೂಲಕ್ಕೆ ಅನುಮತಿ ಇಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.’

ಬಡಾವಣೆ ಖಾಲಿಯಾಯಿತು. ನಡುವೆ ಒಂದು ನೀಲಿ ಚುಕ್ಕೆ ಉಳಿದಿತ್ತು. ಒತ್ತಿದರು. ಹಾಕಿದವಳು ಆಕೆಯೇ. ಸಾರ್ವಜನಿಕ ನಲ್ಲಿ. ಮೂಲ: ಪಕ್ಕದಲ್ಲೇ ನಿಂತು ಫೋನಿನಲ್ಲಿ ಗುರುತು ಹಾಕಿದ್ದು. ಟಿಪ್ಪಣಿ: ನೀರು ಬೆಳಿಗ್ಗೆ ಮಾತ್ರ. ಎಷ್ಟು ತಿರುವಿದರೂ ಸ್ವಲ್ಪ ಸೋರುತ್ತೆ.

ಆರಿದ ಚಹಾ ಪಕ್ಕಕ್ಕೆ ಸರಿಸಿ ಮೇಷ್ಟ್ರು ನಕ್ಷೆಯನ್ನು ಇನ್ನಷ್ಟು ಹತ್ತಿರ ತಂದರು. ಹತ್ತಿರವಾದಷ್ಟೂ ಬಿಳಿ. ನಡುವೆ, ಹೋಗಲು ಒಂದು ದಾರಿಯೂ ಇಲ್ಲದೆ, ನಲ್ಲಿ.