ಹಬ್ಬಕ್ಕೆ ತವರಿಗೆ ಬಂದ ಬ್ಯಾಕ್ಟೀರಿಯಾ

ರಂಜಾನ್ ಉಪವಾಸ ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ಇಂಡೋನೇಷ್ಯಾದ ಬಾಂಡುಂಗಿನ ಪ್ರಯೋಗಾಲಯಕ್ಕೆ ಹತ್ತು ದಿನ ಬೀಗ ಬಿದ್ದಿತು. ಬ್ಯಾಕ್ಟೀರಿಯಾಗಳನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಅಲ್ಲಿನ ಸಂಶೋಧಕಿ ಇಮಸ್ ಅವನ್ನು ಐದು ಲೀಟರಿನ ಬಾಟಲಿ ಸಮೇತ ಗಾರುತಿನ ತಾಯಿಮನೆಗೆ ಹೊತ್ತು ತಂದಳು. ಅವು ಹುಟ್ಟಿದ ಊರೂ ಅದೇ. ಎರಡು ವರ್ಷದ ಹಿಂದೆ ಪಾಪಾಂಡಯಾನ್ ಬೆಟ್ಟದ ಗಂಧಕದ ಹೊಂಡದಿಂದ ಹರಿದು ಬರುವ ನೀರಿನಲ್ಲಿ ಅವಳೇ ಅವನ್ನು ಹಿಡಿದಿದ್ದಳು.

"ಪಾಪ, ಅವಕ್ಕೂ ಹಬ್ಬಕ್ಕೆ ಊರು ನೋಡೋ ಆಸೆ ಇರಲ್ವೇನೇ?" ಎನ್ನುತ್ತ ತಾಯಿ ಬಾಟಲಿಯನ್ನು ಒಲೆಯ ಬೆಚ್ಚನೆಯ ಮಗ್ಗುಲಲ್ಲಿಟ್ಟಳು.

"ಮದುವೆ ಆಗದೆ ಕೋಟಿಗಟ್ಟಲೆ ಮೊಮ್ಮಕ್ಕಳನ್ನ ತಂದಿದ್ದಾಳೆ ನೋಡು ನಿನ್ನ ಮಗಳು," ಎಂದು ಚಿಕ್ಕಮ್ಮ ಚುಚ್ಚಿದಳು. ಇಮಸ್ ಬಾಯಿ ತುಂಬ ಕೆತುಪತ್ ಅನ್ನದ ಕಡುಬು ತುಂಬಿಕೊಂಡು ಉತ್ತರ ತಪ್ಪಿಸಿಕೊಂಡಳು.

ಹಬ್ಬ ಮುಗಿಸಿ ಹೊರಟ ದಿನ ಜಗತ್ತೆಲ್ಲ ಬಾಂಡುಂಗಿಗೇ ಹೊರಟಂತಿತ್ತು. ನಾಗ್ರೆಗ್ ಏರಿನಲ್ಲಿ ವಾಹನಗಳ ಸಾಲಿಗೆ ಸಿಕ್ಕಿ ಮಿನಿಬಸ್ಸು ನಿಂತದ್ದು ನಿಂತೇ ಬಿಟ್ಟಿತು. ಒಂದು ಗಂಟೆ ಕಳೆಯುವಷ್ಟರಲ್ಲಿ, ಇಮಸಳ ತೊಡೆಯ ಮೇಲೆ ಗುಳುಗುಳು ಎನ್ನುತ್ತಿದ್ದ ಬಾಟಲಿಯೂ ಸದ್ದಡಗಿತು. ಬ್ಯಾಕ್ಟೀರಿಯಾಗಳು ಉಸಿರಾಡಲೆಂದು ಬಾಟಲಿಗೆ ಗಾಳಿ ಊದುತ್ತಿದ್ದ ಮೀನುತೊಟ್ಟಿಯ ಪಂಪಿನ ಸೆಲ್ ಮುಗಿದಿತ್ತು. ಬಿಡಿ ಸೆಲ್‌ಗಳಿಗಾಗಿ ಚೀಲವೆಲ್ಲ ತಡಕಾಡಿದ ಮೇಲೆ ನೆನಪಾಯಿತು: ತಾಯಿ ಅವನ್ನು ಗೋಡೆ ಗಡಿಯಾರಕ್ಕೆ ಹಾಕಿದ್ದಳು.

ಸೋಮವಾರ ಪ್ರಯೋಗಾಲಯದಲ್ಲಿ ಅವುಗಳ ಮೊದಲ ದೊಡ್ಡ ಪರೀಕ್ಷೆ. ಉಳಿದ ಬಾಟಲಿಗಳೆಲ್ಲ ಕಳೆದ ತಿಂಗಳೇ ಕೆಟ್ಟುಹೋಗಿ, ಇದೊಂದೇ ಬಿತ್ತನೆಗೆ ಉಳಿದಿತ್ತು.

"ಏನಾಯ್ತು ತಂಗಿ, ಮುಖ ಹುಳಿ ಮಾಡ್ಕೊಂಡಿದ್ದೀಯಲ್ಲ?" ಪಕ್ಕದಲ್ಲಿ ಪೆಯೆಉಮ್ ಬುಟ್ಟಿ ಇಟ್ಟುಕೊಂಡು ಕೂತಿದ್ದ ಓನಾ ಅಜ್ಜಿ ಕೇಳಿದಳು. ಮರಗೆಣಸು ಹುಳಿಸಿ ಪೆಯೆಉಮ್ ಮಾಡಿ, ಇದೇ ಬಸ್ಸಿನಲ್ಲಿ ಒಯ್ದು ಮಾರುವುದು ಅವಳ ಕಸುಬು.

ಇಮಸ್ ಹೇಳಿದಳು. ಚಾಲಕ ಕರ್ಮಾನ್ ತಿರುಗಿ ನೋಡಿ ಗಾಬರಿಯಾದ. "ಬ್ಯಾಕ್ಟೀರಿಯಾನಾ? ನಮಗೆಲ್ಲ ರೋಗ ಹತ್ತಿಸ್ತೀಯೇನಮ್ಮ?"

"ಕಬ್ಬಿಣ, ಗಂಧಕ ತಿನ್ನೋವು ಅಣ್ಣ, ನಮ್ಮನ್ನ ಮೂಸಿಯೂ ನೋಡಲ್ಲ. ಅವು ಮಾಡೋ ಹುಳೀಲಿ ಹಳೇ ಬ್ಯಾಟರಿ ಪುಡಿ ಹಾಕಿದ್ರೆ ಒಳಗಿನ ಲೋಹ ಕರಗಿ ಬರುತ್ತೆ. ಮತ್ತೆ ಹೊಸ ಬ್ಯಾಟರಿ ಮಾಡಬಹುದು."

"ಹುಳಿಸೋ ಕೆಲಸ ಅಂತೂ ಆಯ್ತು," ಎಂದು ಅಜ್ಜಿ ತೀರ್ಮಾನ ಕೊಟ್ಟಳು. "ಕರ್ಮಾನ್, ಸೀಟಿನ ಕೆಳಗೆ ಸೈಕಲ್ ಪಂಪ್ ಇಟ್ಟಿದ್ದೀಯಲ್ಲ, ತೆಗಿಯೋ. ಉಸಿರು ಕಟ್ಟಿ ಸತ್ರೆ ಪಾಪ ನಿಂಗೇ."

ಪಂಪನ್ನು ಬಾಟಲಿಯ ನಳಿಕೆಗೆ ಸಿಕ್ಕಿಸಿ, ಅವೆರಡೂ ಸೇರಿದ ಸಂದಿಗೆ ಅಜ್ಜಿಯ ರಬ್ಬರ್ ಬ್ಯಾಂಡ್ ಸುತ್ತಿದರು. ಕರ್ಮಾನ್ ಮೊದಲು ಒತ್ತಿದ. ಗುಳುಗುಳು ಸದ್ದು ಕೇಳಿದ್ದೇ ಬಸ್ಸಿನವರೆಲ್ಲ ಹೋ ಎಂದರು. ಒಬ್ಬೊಬ್ಬರಿಗೆ ನೂರು ಒತ್ತು ಎಂದು ಸರದಿ ಹಾಕಿದರು.

"ತೊಂಬತ್ತಕ್ಕೇ ನಿಲ್ಲಿಸಿದ್ರಿ ಮೇಷ್ಟ್ರೇ, ಲೆಕ್ಕ ಮರೆತ್ರಾ?" ಎಂದು ಅಜ್ಜಿ ಹಿಂದಿನ ಸೀಟಿನ ಮುದಿ ಮೇಷ್ಟ್ರನ್ನೂ ಬಿಡಲಿಲ್ಲ. ತನ್ನ ಸರದಿಯಲ್ಲಿ ನೂರಿಪ್ಪತ್ತು ಒತ್ತಿ, ಏದುಸಿರು ಬಿಡುತ್ತಲೇ ಎಲ್ಲರಿಗೂ ಪೆಯೆಉಮ್ ಹಂಚಿದಳು. ಪ್ರಯೋಗಾಲಯದಲ್ಲಿ ಒಬ್ಬಳೇ ಎರಡು ವರ್ಷ ಆ ಬಾಟಲಿ ಕಾದಿದ್ದ ಇಮಸಳಿಗೆ ಕಣ್ಣು ತುಂಬಿ ಬಂತು. ನಾಲ್ಕು ಗಂಟೆ ಹೊತ್ತು ಪಂಪು ನಿಲ್ಲಲಿಲ್ಲ.

ಬಾಂಡುಂಗ್ ತಲುಪಿ, ಸೋಮವಾರ ಬಾಟಲಿಯ ನೀರನ್ನು ಪೀಪಾಯಿಯಲ್ಲಿದ್ದ ಕಬ್ಬಿಣದ ತಿಳಿಹಸಿರು ದ್ರಾವಣಕ್ಕೆ ಸುರಿದಳು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ಬೆಳಿಗ್ಗೆ ಪೀಪಾಯಿಯ ಮುಚ್ಚಳ ತೆಗೆದರೆ ಒಳಗೆಲ್ಲ ತುಕ್ಕಿನ ಕೆಂಪು! ಜೀವ ಇದ್ದರಷ್ಟೇ ಬರುವ ಬಣ್ಣ. ಇಮಸ್ ಅಲ್ಲೇ ಕುಣಿದುಬಿಟ್ಟಳು.

ತಿಂಗಳು ಕಳೆದ ಮೇಲೆ ಕರ್ಮಾನ್ ಅಜ್ಜಿಯನ್ನು ಕೂರಿಸಿಕೊಂಡು ಪ್ರಯೋಗಾಲಯಕ್ಕೆ ಬಂದ. ಬರಿಗೈಲಿ ಬರಬಾರದೆಂದು ತನ್ನ ಬಸ್ಸಿನ ಸತ್ತ ಬ್ಯಾಟರಿಯನ್ನೂ ಹೊತ್ತು ತಂದಿದ್ದ.

"ಇದು ಸೀಸದ್ದು ಅಣ್ಣ, ನಮ್ಮವಕ್ಕೆ ಆಗಲ್ಲ. ಫೋನಿನದು, ಸ್ಕೂಟರಿನದು ಬೇಕು."

"ಎಲಾ ಇವುಗಳ ಸೊಕ್ಕೇ! ನೂರು ಸಲ ಗಾಳಿ ಹೊಡೆದವನು ನಾನು!"

ಇಮಸ್ ಹಳೇ ಬ್ಯಾಟರಿ ಪುಡಿಯಿಂದ ಕರಗಿ ಬಂದ ಲೋಹದ ಎರಡು ಪುಟ್ಟ ಸೀಸೆಗಳನ್ನು ಬೆಳಕಿಗೆ ಹಿಡಿದಳು. ಒಂದರಲ್ಲಿ ಹಸಿರು, ಅದು ನಿಕ್ಕಲ್. ಇನ್ನೊಂದರಲ್ಲಿ ಗುಲಾಬಿ, ಅದು ಕೋಬಾಲ್ಟ್. ಕರ್ಮಾನ್ ಮುಂದೆ ಬಗ್ಗಿ ಕಣ್ಣರಳಿಸಿದ.

ಅಜ್ಜಿ ಗುಲಾಬಿ ಸೀಸೆಯನ್ನೇ ದಿಟ್ಟಿಸಿ ನೋಡಿ, "ಸಿರಪ್ ಇದ್ದಂಗಿದೆ. ಕುಡಿಯೋಕೆ ಬರಲ್ಲ ತಾನೇ?" ಎಂದಳು.

"ಬರಲ್ಲ ಅಜ್ಜಿ!"

"ಹಾಗಾದ್ರೆ ಟೀ ಆದ್ರೂ ಮಾಡೇ," ಎನ್ನುತ್ತ ಅಜ್ಜಿ ಕುರ್ಚಿ ಎಳೆದುಕೊಂಡು ಕೂತಳು.