ಲಾಭ, ಎರಡು, ಮೂರು

ಹದಿನೇಳನೆಯ ದಿನ ಕೊಂಡಜ್ಜಿ ಗುಡ್ಡ ಹತ್ತುವಾಗ ಕಾಟಪ್ಪನಿಗೆ ಹದ್ದುಗಳ ಮೇಲೆಯೇ ಸಿಟ್ಟು ಬಂದಿತ್ತು. ರೆಕ್ಕೆ ಇರುವವು ಬರುತ್ತವೆ, ಹೋಗುತ್ತವೆ. ಅವನ್ನು ಎಣಿಸಲು ಮೊಣಕಾಲು ನೋವಿನ ಮುದುಕ ಯಾಕೆ ಗುಡ್ಡ ಹತ್ತಬೇಕು? ಆದರೆ ಒಪ್ಪಿಕೊಂಡ ಕೆಲಸ. ಚಳಿಗೆ ನಮ್ಮ ಬಯಲಿಗೆ ಬಂದ ಹದ್ದು, ಗಿಡುಗಗಳು ಯುಗಾದಿ ಹೊತ್ತಿಗೆ ಉತ್ತರಕ್ಕೆ ಮರಳುತ್ತವಂತೆ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗುಡ್ಡದ ನೆತ್ತಿಯಲ್ಲಿ ಕೂತು, ಎಷ್ಟು ದಾಟಿದವು ಎಂದು ಹೇಳಬೇಕು. ಜಾತಿ ಬೇಡ, ಸಂಖ್ಯೆ ಸಾಕು ಎಂದಿದ್ದರು ದಾವಣಗೆರೆಯ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಏಕಾಂತಪ್ಪ.

ಮೇಷ್ಟ್ರು ಅವನನ್ನೇ ಹುಡುಕಿಕೊಂಡು ಬಂದದ್ದಕ್ಕೆ ಕಾರಣವಿತ್ತು. ನಲವತ್ತೈದು ವರ್ಷ ಕಾಟಪ್ಪ ಮಂಡಿಪೇಟೆಯ ಅಳತೆಯವನು. ಮೊದಲು ಕೊಳಗದಲ್ಲಿ ಜೋಳ ಅಳೆದ; ಕಿಲೋ ಬಂದು ಕೊಳಗ ಮೂಲೆ ಸೇರಿದ ಮೇಲೆ ಲಾರಿಯಿಂದ ಇಳಿಯುವ ಮೂಟೆ ಎಣಿಸಿದ. ಅವನು ಹೇಳಿದ ಮೇಲೆ ಕೊಟ್ಟವನೂ ತಕರಾರು ತೆಗೆಯುತ್ತಿರಲಿಲ್ಲ, ಕೊಂಡವನೂ ತೆಗೆಯುತ್ತಿರಲಿಲ್ಲ. ಓದುಬರಹ ಮಾತ್ರ ಇಲ್ಲ. ಬರೆಯಲು ಸಿದ್ದೀಕಾ ಇದ್ದಳು. ಕಾಲೇಜಿನ ಲ್ಯಾಬಿನಲ್ಲಿ ಕೆಲಸ, ಹರಿಹರದಲ್ಲಿ ಮನೆ, ಮೂಗಿನ ಮೇಲೆ ದಪ್ಪ ಕನ್ನಡಕ. ಅವನ ಕಣ್ಣು ಆಕಾಶ ಬಿಟ್ಟು ಕದಲುವಂತಿರಲಿಲ್ಲ, ಅವಳಿಗೆ ಆಕಾಶದಲ್ಲಿ ಏನೂ ಕಾಣುತ್ತಿರಲಿಲ್ಲ. ಒಳ್ಳೆಯ ಜೋಡಿಯೇ.

ಆ ದಿನ ಮಧ್ಯಾಹ್ನ ಏಕಾಂತಪ್ಪ ಏದುಸಿರು ಬಿಡುತ್ತಾ ಹತ್ತಿ ಬಂದವರು ರಿಜಿಸ್ಟರ್ ತಿರುವಿದರು. ಮುಖ ಗಂಟಾಯಿತು.

"ಕಾಟಪ್ಪ, ಹದಿನೇಳು ದಿನದಾಗ ಒಂಟಿ ಹಕ್ಕಿ ಒಂದೂ ಇಲ್ಲಲ್ಲೋ! ಎರಡು, ಮೂರು, ಐದು, ಬರೀ ಗುಂಪೇ ಐತೆ. ದೊಡ್ಡ ಹದ್ದು ಹೋಗೋದೇ ಒಂಟಿಯಾಗಿ. ಅವೆಲ್ಲ ಎಲ್ಲಿ ಹೋದ್ವು?"

"ಹೋದ್ವಲ್ಲ ಸಾರ್. ನಾನು ಹೇಳೀನಿ."

ಏಕಾಂತಪ್ಪ ಸಿದ್ದೀಕಾಳತ್ತ ನೋಡಿದರು. ಅವಳು ತಲೆ ತಗ್ಗಿಸಿ, "ಕೇಳಿದ್ದೆಲ್ಲಾ ಬರ್ದೀನಿ ಸಾರ್" ಎಂದಳು.

"ಬಿಸಿಲಿಗೆ ಕಣ್ಣು ಹತ್ತಿರ್ತೈತೆ ಬಿಡು, ವಯಸ್ಸಾತು. ನಾಳಿದ್ದಿಂದ ಬೇರೆಯವ್ರನ್ನ ನೋಡ್ತೀನಿ" ಎಂದು ಮೇಷ್ಟ್ರು ಇಳಿದು ಹೋದರು.

ಬಯ್ದಿದ್ದರೆ ತಡೆಯಬಹುದಿತ್ತು, ಕನಿಕರ ತೋರಿಸಿದ್ದು ಕಾಟಪ್ಪನನ್ನು ಕುಗ್ಗಿಸಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನಿಗೆ ನಿದ್ದೆಬುಡುಕನೆಂಬ ಹೆಸರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅದಕ್ಕಿಂತ ಕೆಟ್ಟ ಯೋಚನೆ ಬಂತು. ಮೈಯಲ್ಲಿ ಇಷ್ಟು ದಣಿವಿದೆ, ನಿಜವಾಗಿಯೂ ಮಲಗಿಬಿಟ್ಟಿದ್ದೆನೋ ಏನೋ?

ಮರುದಿನ ಅವನಿಗಿಂತ ಮೊದಲೇ ಸಿದ್ದೀಕಾ ಗುಡ್ಡದ ಮೇಲಿದ್ದಳು. ಕಣ್ಣು ಕೆಂಪಾಗಿತ್ತು.

"ಅಜ್ಜಾ, ತಪ್ಪು ನಂದು. ಬೆಳಿಗ್ಗೆ ಅಮ್ಮಿ ಅಕ್ಕಿ ಅಳೀತಿದ್ರು. ಮೊದಲ್ನೇ ಪಾವಿಗೆ ಹೆಚ್ಚಲಿ ಅಂತ 'ಬರ್ಕತ್' ಅಂದ್ರು, ಆಮೇಲೆ 'ದೋ, ತೀನ್'. 'ಏಕ್' ಅನ್ನೋದೇ ಇಲ್ಲ. ಹುಟ್ಟಿದಾಗಿಂದ ಕೇಳೀನಿ, ತಲೆಗೇ ಹೋಗಿರ್ಲಿಲ್ಲ. ನೀವು ಲಾಭ ಅಂದ್ರೆ ಒಂದು, ಹೌದಲ್ರಿ?"

"ಮತ್ತಿನ್ನೇನವ್ವ? ಲಾಭ, ಎರಡು, ಮೂರು. ಮೊದಲ್ನೇದಕ್ಕೇ ಒಂದು ಅಂದ್ರೆ ರಾಶಿ ಅಲ್ಲಿಗೇ ನಿಂತೋಗ್ತೈತೆ."

"ಹಕ್ಕಿ ಕಂಡ ಖುಷಿಗೆ ಶಿವಾ ಅಂದಂಗೆ ಲಾಭ ಅಂತೀರಿ ಅನ್ಕೊಂಡೆ. ಹಿಂದೇನೇ ಎರಡು, ಮೂರು ಅಂದ್ರೆ ಬರೀತಿದ್ದೆ. ಸುಮ್ನಾದ್ರೆ ಹಕ್ಕಿ ತಿರುಗಿ ಹೋತು ಅಂತ ಬಿಡ್ತಿದ್ದೆ."

ಕಾಟಪ್ಪ ಮೊದಲು ನಕ್ಕ. ತಾನು ಮಲಗಿರಲಿಲ್ಲ! ಆಮೇಲೆ ನಗು ನಿಂತಿತು. ಒಂಟಿಯಾಗಿ ದಾಟಿದ ಹದ್ದುಗಳೆಲ್ಲ ಯಾವ ಪುಸ್ತಕದಲ್ಲೂ ಇಲ್ಲ.

"ದಿನಕ್ಕೆ ಎಷ್ಟು ಸಲ ಬರೀ ಲಾಭ ಅಂದ್ರಿ? ಅಂದಾಜು ಹೇಳ್ರಿ ಸಾಕು, ತುಂಬಿಸ್ತೀನಿ. ಸಾರ್ ಒಪ್ತಾರೆ. ಇಲ್ಲಾಂದ್ರೆ ಅಷ್ಟೂ ದಿನದ್ದು ಹೊಡೆದು ಹಾಕ್ಬೇಕು" ಎಂದಳು ಸಿದ್ದೀಕಾ.

ಆರೋ, ಹತ್ತೋ. ಎಣಿಸುವವನು ಎಣಿಸಿದ್ದನ್ನು ಒಪ್ಪಿಸಿ ತಲೆ ಖಾಲಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ರಾಶಿಗೆ ಹಿಂದಿನದು ಬೆರೆಯುತ್ತದೆ. ಎಂಟು ಎಂದರೆ ಮುಗಿಯುತ್ತಿತ್ತು. ಹದಿನೇಳು ದಿನದ ಮೊಣಕಾಲು ನೋವು ವ್ಯರ್ಥವಾಗುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಂಟು ನಾಲಿಗೆಯ ತುದಿಗೂ ಬಂದಿತ್ತು.

"ಅಂದಾಜು ಹೇಳಾಕೆ ಅಳತೆಯವ ಯಾಕ ಬೇಕವ್ವ? ಹೊಡಿ ಗೀಟು."

ಅವಳು ಹದಿನೇಳು ಪುಟಕ್ಕೂ ಅಡ್ಡಗೀಟು ಹೊಡೆದಳು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗುಡ್ಡ ಹತ್ತಿದ್ದಕ್ಕಿಂತ ಆ ಗೀಟಿನ ಸದ್ದು ಕೇಳಿಯೇ ಕಾಟಪ್ಪನಿಗೆ ಹೆಚ್ಚು ದಣಿವಾಯಿತು.

ಹತ್ತೂವರೆಗೆ ದಾವಣಗೆರೆ ಕಡೆಯಿಂದ ಒಂದು ಹದ್ದು ಬಂತು. ದೊಡ್ಡದು, ರೆಕ್ಕೆ ಬಡಿಯದೆ ತೇಲುತ್ತಿತ್ತು. ಕಾಟಪ್ಪ ಬಾಯಿ ತೆರೆದ. 'ಲಾಭ' ಹಲ್ಲಿನವರೆಗೆ ಬಂದು ನಿಂತಿತು; ಆ ಮಾತೇ ಹದಿನೇಳು ಪುಟ ತಿಂದಿತ್ತು. ಮಂಡಿಗೆ ಬಂದ ಮೊದಲ ದಿನ ರಾಶಿಯ ಮುಂದೆ 'ಒಂದು' ಎಂದದ್ದಕ್ಕೆ ಅಪ್ಪ ಕೆನ್ನೆಗೆ ಬಾರಿಸಿದ್ದ. ಅಂದಿನಿಂದ ಆ ಪದ ಲೆಕ್ಕದ ಮೊದಲಿಗೆ ಅವನ ಬಾಯಲ್ಲಿ ಬಂದಿರಲಿಲ್ಲ. ಹಿಂದೆ ಇನ್ನೊಂದು ಬರಲಿ ಎಂದು ಕಾದ. ಎರಡಾದರೆ ಎರಡು ಎಂದುಬಿಡಬಹುದು. ಬರಲಿಲ್ಲ. ಹದ್ದು ಗುಡ್ಡದ ಕೆಳಗಿನ ಕೆರೆ ದಾಟತೊಡಗಿತು.

"ಒಂದು" ಎಂದ ಮೆಲ್ಲಗೆ.

"ಕೇಳಿಸ್ಲಿಲ್ಲ ಅಜ್ಜಾ."

"ಒಂದು ನೋಡವ್ವ, ಒಂದೇ. ಹಿಂದೆ ಮುಂದೆ ಯಾರೂ ಇಲ್ಲ. ಬರ್ಕೋ."